ಮುಂದಿನ ವರ್ಷದ ರೈಡರ್

ಮಂಚೇನಹಳ್ಳಿಯಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿತಲ್ಲ ಎಂಬ ಸಣ್ಣ ಸಂತೋಷದಲ್ಲಿ ಕೂತಿದ್ದೆ. ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿ ಬ್ಯಾಗಿನಿಂದ ನೋವಿನ ಸ್ಪ್ರೇ ತೆಗೆದು, ಪ್ಯಾಂಟಿನ ಅಂಚು ಮೇಲೆ ಸರಿಸಿ, ಕಣಕಾಲಿಗೆ ಬುಸ್ಸೆಂದು ಹೊಡೆದುಕೊಂಡಳು. ಆ ವಾಸನೆ ಅರೆಗಳಿಗೆಯಲ್ಲಿ ಬಸ್ಸಿನ ತುಂಬ ಹರಡಿತು. ಹಿಂದಿನ ಸೀಟಿನ ಅಜ್ಜಿ "ಏನಮ್ಮಾ ಅದು, ತಿಗಣೆ ಔಷಧೀನಾ?" ಎಂದು ಮೂಗಿಗೆ ಸೆರಗು ಮುಚ್ಚಿಕೊಂಡರು. ನನಗೆ ಮಾತ್ರ ಬಲಮಂಡಿ ಚುರುಕ್ಕೆಂದಿತು. ಮೂಗಿಗೆ ವಾಸನೆ ಬಡಿದರೆ ಮಂಡಿ ಯಾಕೆ ನೋಯಬೇಕು ಎಂದು ಯಾವ ಡಾಕ್ಟರೂ ನನಗೆ ಇದುವರೆಗೆ ಹೇಳಿಲ್ಲ. ನಾನೂ ಕೇಳಿಲ್ಲ.

ನಾನು ಹೊರಟಿದ್ದದ್ದು ಚಿಕ್ಕಬಳ್ಳಾಪುರಕ್ಕೆ, ನಾನು ಓದಿದ ಕಾಲೇಜಿಗೆ. ಹಿಂದಿನ ದಿನ ನಸ್ರೀನ್ ಫೋನಿಗೆ ದನಿ ಸಂದೇಶ ಕಳಿಸಿದ್ದಳು. "ಅಕ್ಕಾ, ನಾಳೆ ಭಾನುವಾರ, ಬೆಳಿಗ್ಗೆ ಬಂದ್ಬಿಡಿ. ಮುಂದಿನ ವರ್ಷಕ್ಕೆ ರೈಡರ್ಸ್ ನೋಡ್ಬೇಕು. ನೀವು ಬರ್ದೆ ನಾನು ಡಿಸೈಡ್ ಮಾಡಲ್ಲ." ರೈಡರ್ ಎಂದರೆ, ಕಬಡ್ಡಿ ನೋಡದವರಿಗಾಗಿ ಹೇಳುತ್ತೇನೆ, "ಕಬಡ್ಡಿ ಕಬಡ್ಡಿ" ಎನ್ನುತ್ತ ಒಬ್ಬಳೇ ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಯಾರನ್ನಾದರೂ ಮುಟ್ಟಿ, ಉಸಿರು ಮುಗಿಯುವ ಮುಂಚೆ ವಾಪಸು ಬರಬೇಕಾದವಳು. ನಸ್ರೀನ್ ಈಗ ಆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿ. ನಾನು ಮಂಚೇನಹಳ್ಳಿ ಹತ್ತಿರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್. ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ನನಗೆ ಏನಾಗುತ್ತದೆಂದು ನೀವೇ ಊಹಿಸಬಹುದು. ಬೇರೆಯವರು ಅದನ್ನು ಏನೇನೋ ಮಾತಿನಲ್ಲಿ ಸುತ್ತಿ ಹೇಳುತ್ತಾರೆ. ನಮ್ಮ ಭಾಷೆ ಮಾತ್ರ ಅದು ಇರುವ ಜಾಗವನ್ನೇ ಬೆರಳಿಟ್ಟು ತೋರಿಸಿದೆ: ಹೊಟ್ಟೆಕಿಚ್ಚು. ನನಗಂತೂ ಅದು ಹೊಟ್ಟೆಯಲ್ಲೇ ಬರುತ್ತದೆ, ಖಾಲಿ ಹೊಟ್ಟೆಗೆ ಕಾಫಿ ಕುಡಿದ ಹಾಗೆ.

ಹಾಗೆಂದು ನಾನು ಹುಟ್ಟಾ ಹೊಟ್ಟೆಕಿಚ್ಚಿನವಳು ಎಂದುಕೊಳ್ಳಬೇಡಿ. ಡಿಗ್ರಿಯ ಮೊದಲೆರಡು ವರ್ಷ ನನಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಆಗ ಬೇರೆಯವರು ನನ್ನನ್ನು ನೋಡಿ ಉರಿದುಕೊಳ್ಳುತ್ತಿದ್ದರು. ನಾನು ಕಾಲೇಜು ತಂಡದ ಮೊದಲ ರೈಡರ್. ಪಂದ್ಯ ಶುರುವಾದರೆ ನಮ್ಮ ಕೋಚ್ ವಿಮಲಾ ಮೇಡಂ ಯಾರ ಹೆಸರನ್ನೂ ಕೂಗುತ್ತಿರಲಿಲ್ಲ, ನನ್ನ ಕಡೆ ಗದ್ದ ಎತ್ತಿದರೆ ಸಾಕು, ನಾನು ನಡುಗೆರೆ ದಾಟಿರುತ್ತಿದ್ದೆ. ನಮ್ಮೂರು ಪೆರೇಸಂದ್ರದಿಂದ ದಿನಾ ಹೆದ್ದಾರಿ ಬಸ್ಸಿಗೆ ಬರುತ್ತಿದ್ದೆ, ಕಂಡಕ್ಟರ್ ಕೂಡ "ಕಬಡ್ಡಿ ಅಮ್ಮಾ, ಒಳಗಡೆ ಹೋಗಮ್ಮಾ" ಎನ್ನುತ್ತಿದ್ದ. ಆ ಹೆಸರು ನನಗೆ ಬಹಳ ಇಷ್ಟವಾಗಿತ್ತು. ಇಷ್ಟವಾಗಿಲ್ಲದವಳ ಹಾಗೆ ಮುಖ ಮಾಡುತ್ತಿದ್ದೆ.

ಎರಡನೇ ವರ್ಷದ ಕೊನೆಯ ಪಂದ್ಯದಲ್ಲಿ, ದಾಟಿದರೆ ಒಂದು ಅಂಕ ಹೆಚ್ಚು ಸಿಗುವ ಬೋನಸ್ ಗೆರೆಗೆ ಕಾಲು ಚಾಚಿ ತಟ್ಟನೆ ತಿರುಗುವಾಗ, ನನ್ನ ಬಲಮಂಡಿಯೊಳಗೆ ಹಸಿ ಕಡ್ಡಿ ಮುರಿದಂಥ ಸದ್ದಾಯಿತು. ಹೊರಗಿನವರಿಗೆ ಕೇಳಿಸಲಿಲ್ಲ. ಡಾಕ್ಟರು ಫೋಟೋ ಹಿಡಿದು ನೋಡಿ, ಒಳಗಿನ ನಾರು ಹರಿದಿದೆ, ವಾಸಿಯಾದ ಮೇಲೂ ಓಡಿ ತಟ್ಟನೆ ತಿರುಗುವ ಆಟ ಇನ್ನು ಬೇಡ ಎಂದರು. ಅಮ್ಮ ಮನೆಗೆ ಬಂದು ಒಲೆಯ ಮುಂದೆ ಕೂತು, "ಹೋಗ್ಲಿ ಬಿಡು, ಇನ್ಮೇಲಾದ್ರೂ ಆ ಕುಣಿದಾಟ ನಿಲ್ತದೆ" ಎಂದಳು. ಅಮ್ಮ ನನ್ನ ಒಂದು ಪಂದ್ಯವನ್ನೂ ನೋಡಿದವಳಲ್ಲ. ಅವಳ ಲೆಕ್ಕದಲ್ಲಿ ಕಬಡ್ಡಿ ಎಂದರೆ ನಾನು ಬಟ್ಟೆಗೆ ಮಣ್ಣು ಮಾಡಿಕೊಂಡು ಬರುವ ಒಂದು ಕೆಟ್ಟ ಅಭ್ಯಾಸ. ಅಪ್ಪ ಪರವಾಗಿರಲಿಲ್ಲ, ವಿರೋಧವೂ ಇರಲಿಲ್ಲ. ತೋಟದಲ್ಲಿ ಸೇವಂತಿಗೆ, ಬದುವಿನಾಚೆ ಒಂದಿಷ್ಟು ದ್ರಾಕ್ಷಿ, ಅವರ ಚಿಂತೆ ಅಲ್ಲಿತ್ತು.

ಕುಂಟುತ್ತ ಕಾಲೇಜಿಗೆ ಹೋದ ಮೊದಲ ದಿನ ವಿಮಲಾ ಮೇಡಂ ನನ್ನನ್ನು ಮೈದಾನದ ಅಂಚಿನ ಹೊಂಗೆ ಮರದಡಿ, ಕಲ್ಲುಬೆಂಚಿನ ಮೇಲೆ ಕೂರಿಸಿದರು. "ಅಳೋದಿದ್ರೆ ಇವತ್ತೇ ಅತ್ಬಿಡು. ನಾಳೆಯಿಂದ ನಿಂಗೆ ಕೆಲ್ಸ ಇದೆ" ಎಂದರು. ಕೆಲಸ ಇಷ್ಟೇ: ಮುಂದಿನ ವರ್ಷಕ್ಕೆ ಮೊದಲ ರೈಡರ್ ಯಾರಾಗಬೇಕು, ಅಭ್ಯಾಸ ನೋಡಿ ಹೇಳಬೇಕು. ಅಂದರೆ ನನ್ನ ಜಾಗಕ್ಕೆ ನಾನೇ ಆಳು ಹುಡುಕಬೇಕು. ನೀವೇ ಹೇಳಿ, ಇದಕ್ಕಿಂತ ಮಂಡಿ ನೋವು ವಾಸಿಯಲ್ಲವೇ?

ಉಮೇದುವಾರರು ಮೂವರು. ಮೊದಲನೆಯವಳು ಚಿಂತಾಮಣಿಯ ಲಾವಣ್ಯ. ಉದ್ದನೆಯ ಹುಡುಗಿ, ಉದ್ದುದ್ದ ಕೈ. ನಿಂತಲ್ಲಿಂದಲೇ ಎದುರಾಳಿಯ ಭುಜ ಮುಟ್ಟಬಲ್ಲಳು. ಮುಟ್ಟಿದ ಕೂಡಲೇ ಖುಷಿ ತಡೆಯಲಾರದೆ ಮನೆಮಾತು ತೆಲುಗಿನಲ್ಲಿ "ತಗಿಲಿಂದಿ! ತಗಿಲಿಂದಿ!", ತಾಗಿತು ತಾಗಿತು, ಎಂದು ಕೂಗಿಬಿಡುವಳು. ರೈಡ್ ಮಾಡುವಾಗ ಬಾಯಲ್ಲಿ ಕಬಡ್ಡಿ ಬಿಟ್ಟು ಬೇರೆ ಮಾತು ಬಂದರೆ ಔಟು. ಎಷ್ಟು ಹೇಳಿದರೂ ಅಷ್ಟೇ. ಎರಡನೆಯವಳು ನಮ್ಮೂರಿನವಳೇ, ದೂರದ ಸಂಬಂಧಿ ಗಾಯತ್ರಿ. ರಾಗಿಮುದ್ದೆ ತಿಂದು ಬೆಳೆದ ಗಟ್ಟಿ ದೇಹ, ಇಬ್ಬರು ಹಿಡಿದರೂ ಎಳೆದುಕೊಂಡು ಬರುವ ಶಕ್ತಿ. ಆದರೆ ಗಾಣದ ಎತ್ತಿನಂತೆ ಯಾವಾಗಲೂ ಬಲಕ್ಕೇ ತಿರುಗುವಳು. ಮೂರು ರೈಡ್ ನೋಡಿದ ಯಾವ ತಂಡವಾದರೂ ಬಲಗಡೆ ಕಾದುಕೊಂಡಿರುತ್ತದೆ. ಗಾಯತ್ರಿಯ ಬಗ್ಗೆ ನನಗೆ ವಿಪರೀತ ಅಕ್ಕರೆ ಹುಟ್ಟಿತು. ಅವಳು ಮೊದಲ ರೈಡರ್ ಆದರೆ ಎಲ್ಲರೂ "ಹೋದ ವರ್ಷದವಳೇ ಚೆನ್ನಾಗಿದ್ಲಪ್ಪಾ" ಎನ್ನುವುದರಲ್ಲಿ ಅನುಮಾನವಿರಲಿಲ್ಲ.

ಮೂರನೆಯವಳು ಶಿಡ್ಲಘಟ್ಟದ ನಸ್ರೀನ್. ಆಗ ಮೊದಲ ವರ್ಷ. ಕುಳ್ಳಿ. ಕೈಯೂ ಗಿಡ್ಡ. ತೂಕ ಎಂಬುದೇ ಇಲ್ಲ, ಗಾಳಿ ಜೋರಾಗಿ ಬೀಸಿದರೆ ನಂದಿಬೆಟ್ಟದ ಕಡೆ ಹಾರಿಹೋಗುವಳೇನೋ ಎಂಬಂತೆ. ಮೊದಲ ದಿನ ಅವಳನ್ನು ನೋಡಿ ನಾನು ನೆಮ್ಮದಿಯಿಂದ ಬೆಂಚಿಗೆ ಒರಗಿದೆ. ಆಮೇಲೆ ಅವಳು ರೈಡಿಗೆ ಹೋದಳು.

ಹೇಗೆ ಹೇಳಲಿ ನಿಮಗೆ. ಅವಳು ನುಗ್ಗುತ್ತಿರಲಿಲ್ಲ. ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೇಳಲು ಹೋದವಳ ಹಾಗೆ ಹೋಗುತ್ತಿದ್ದಳು. ಮುಖದಲ್ಲಿ ನಗು ಬೇರೆ. ಎದುರಿನ ಏಳು ಜನವೂ ಅವಳು ಸುಮ್ಮನೆ ನಿಂತಿದ್ದಾಳೆ ಎಂದುಕೊಂಡಿರುವಾಗ ಒಬ್ಬಳ ಮೊಣಕೈಗೆ ಬೆರಳು ತಾಕಿರುತ್ತಿತ್ತು, ಅವಳು ಇತ್ತ ಬಂದಿರುತ್ತಿದ್ದಳು. ನಾನು ಎರಡು ವರ್ಷ ಬೆವರು ಸುರಿಸಿ ಕಲಿತ, ಹಿಂದಕ್ಕೆ ಜಾರುವ ಹೆಜ್ಜೆಯನ್ನು ಅವಳು ಯಾರಿಂದಲೂ ಕಲಿತಿರಲಿಲ್ಲ. ಅದು ಅವಳ ಕಾಲಲ್ಲಿ ಮೊದಲೇ ಇತ್ತು. ಅದನ್ನು ಕಂಡ ಸಂಜೆ ನನ್ನ ಹೊಟ್ಟೆಯಲ್ಲಿ ಮೊದಲ ಸಲ ಆ ಬಿಸಿ ಎದ್ದಿತು. ನಾನು ಅದನ್ನು ಮಾತ್ರೆಯ ಉಷ್ಣ ಎಂದುಕೊಂಡೆ.

ಆಮೇಲಿನ ದಿನಗಳಲ್ಲಿ ನಾನು ಮಾಡಿದ ಕೆಲಸ ಒಂದೇ, ನಸ್ರೀನಳಲ್ಲಿ ತಪ್ಪು ಹುಡುಕುವುದು. ಉಳಿದಿಬ್ಬರು ರೈಡಿಗೆ ಹೋದಾಗ ನೀರು ಕುಡಿಯುತ್ತಿದ್ದೆ, ಬ್ಯಾಂಡೇಜು ಸರಿಮಾಡಿಕೊಳ್ಳುತ್ತಿದ್ದೆ. ನಸ್ರೀನ್ ಎದ್ದರೆ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ಅವಳ ಪಾದ, ಭುಜ, ಜಡೆ, ಉಸಿರು, ಎಲ್ಲವನ್ನೂ ನೋಡಿದೆ. ಪ್ರೀತಿಸಿದವರನ್ನೂ ಯಾರೂ ಹಾಗೆ ನೋಡಿರಲಿಕ್ಕಿಲ್ಲ. ಬಹಳ ದಿನಗಳ ಮೇಲೆ ಒಂದೇ ಒಂದು ಸಿಕ್ಕಿತು. ವಾಪಸು ತಿರುಗುವ ಮುಂಚೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಅವಳ ಎಡಗೈ ಮುಷ್ಟಿಯಾಗುತ್ತಿತ್ತು. ಅಷ್ಟೇ. ಅದನ್ನು ನಾನು ದೊಡ್ಡ ಆಸ್ತಿ ಸಿಕ್ಕವಳಂತೆ ಮನಸ್ಸಿನಲ್ಲಿಟ್ಟುಕೊಂಡೆ.

ಇದೆಲ್ಲದರ ಮೇಲೆ ಅವಳಿಗೆ ಒಬ್ಬರು ಅಮ್ಮ ಇದ್ದರು. ನಸ್ರೀನಳ ಮನೆಯಲ್ಲಿ ರೇಷ್ಮೆ ಗೂಡು ಬಿಚ್ಚುವ ಸಣ್ಣ ರೀಲಿಂಗ್ ಘಟಕ. ಅವಳ ಅಮ್ಮಿ ಬೆಳಗಿನಿಂದ ಬಿಸಿನೀರಿನ ಮುಂದೆ ಕೆಲಸ ಮಾಡಿ, ವಾರದಲ್ಲಿ ಒಂದೆರಡು ಸಂಜೆಯಾದರೂ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಬಂದುಬಿಡುವರು. ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾದ ಬೆರಳುಗಳಿಂದ ಬುರ್ಖಾ ಸರಿಮಾಡಿಕೊಂಡು ಮೈದಾನದ ಮೆಟ್ಟಿಲ ಮೇಲೆ ಕೂರುವರು. ಬೇಯಿಸಿದ ಕಡಲೆಕಾಯಿಯ ಚೀಲ ಪಕ್ಕದಲ್ಲಿ. ಆಟ ಶುರುವಾದರೆ ಅವರು ಬೇರೆಯೇ ಮನುಷ್ಯರು. "ಬೋನಸ್ ತಗೋ ಬೇಟಾ! ಏಳೂ ಜನ ಅವ್ರೆ, ಬೋನಸ್ ತಗೋ!" ಎಂದು ಕೂಗುವರು. ಒಮ್ಮೆ ಅಂಪೈರ್ ತಪ್ಪು ಹೇಳಿದಾಗ ಎದ್ದು ಬಂದು ಅಂಕಣದ ಅಂಚಿನಲ್ಲಿ ನಿಂತು, "ಸಾರ್, ಕಾಲು ಗೆರೆ ಮುಟ್ಟಿಲ್ಲ, ಇಲ್ಲಿ ನೋಡಿ ಮಣ್ಣಲ್ಲಿ ಗುರ್ತು" ಎಂದು ತೋರಿಸಿದ್ದರು. ಅಂಪೈರ್ ಬಗ್ಗಿ ನೋಡಿದ.

ನಮ್ಮ ಕಾಲೇಜಿನಲ್ಲಿ ಕೆಲವರು "ಅವ್ರ ಮನೇಲಿ ಇದಕ್ಕೆಲ್ಲಾ ಬಿಡ್ತಾರಾ?" ಎಂದು ನಸ್ರೀನಳ ಬಗ್ಗೆ ಪಿಸುಗುಟ್ಟುತ್ತಿದ್ದರು. ಆಡುವುದು ಬೇಡವಾಗಿದ್ದದ್ದು ನಮ್ಮ ಮನೆಯಲ್ಲಿ. ಅವಳ ಕಾಲು ನೋಡಿ ಬಂದ ಉರಿಯನ್ನು ಹೇಗೋ ತಡೆದುಕೊಂಡಿದ್ದೆ. ಆ ಮೆಟ್ಟಿಲ ಮೇಲಿನ ಅಮ್ಮನನ್ನು ನೋಡಿದಾಗ ಬಂದದ್ದು ಮಾತ್ರ ತಡೆಯುವಂಥದ್ದಾಗಿರಲಿಲ್ಲ. ಅವರು ನನಗೂ ಒಂದು ಹಿಡಿ ಕಡಲೆಕಾಯಿ ಕೊಡುವರು. ನಾನು ಬೇಡ ಎನ್ನುತ್ತಿದ್ದೆ, ಅವರು ಮಡಿಲಿಗೆ ಸುರಿದು ಹೋಗುವರು. ತಿನ್ನುತ್ತಲೂ ಉರಿದುಕೊಳ್ಳಬಹುದು, ಅದೇನು ಕಷ್ಟವಲ್ಲ.

ಮೇಡಂ ತೀರ್ಮಾನ ಕೇಳುವ ದಿನ ಬಂತು. ಬೆಳಿಗ್ಗೆ ಬಸ್ಸಿನಲ್ಲೇ ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ: "ಗಾಯತ್ರಿ, ಮೇಡಂ. ಶಕ್ತಿ ಇದೆ, ಅನುಭವ ಇದೆ." ಅವತ್ತಿನ ಅಭ್ಯಾಸದ ಕೊನೆಗೆ ನಸ್ರೀನ್ ರೈಡಿಗೆ ಹೋದಳು. ನಾಲ್ವರು ಸೇರಿ ಹಿಡಿದರು. ಒಬ್ಬಳು ಕಾಲು, ಒಬ್ಬಳು ಸೊಂಟ, ಗಾಯತ್ರಿ ಮೇಲೆ ಬಿದ್ದಳು. ಆ ಗುಡ್ಡೆಯ ಕೆಳಗಿಂದ ಸಣ್ಣ ದನಿಯಲ್ಲಿ "ಕಬಡ್ಡಿ, ಕಬಡ್ಡಿ" ಬರುತ್ತಲೇ ಇತ್ತು. ಒಂದು ಕೈ ಹೊರಬಂತು. ಮಣ್ಣಿನ ಮೇಲೆ ಬೆರಳುಗಳು ಹುಳ ಹರಿದಂತೆ ಹರಿದು ಹರಿದು, ಕೊನೆಗೆ ನಡುಗೆರೆ ಮುಟ್ಟಿದವು. ನಾನು ಮಂಡಿ ಮರೆತು ಎದ್ದು ನಿಂತಿದ್ದೆ.

ಮೇಡಂ ಹತ್ತಿರ ಬಂದು, "ಹೇಳಮ್ಮಾ, ಯಾರು?" ಎಂದರು.

"ನಸ್ರೀನ್" ಎಂದೆ.

"ಗಾಯತ್ರಿ ಅಂತೀಯ ಅಂದ್ಕೊಂಡಿದ್ದೆ."

"ನಾನೂ ಹಂಗೇ ಅಂದ್ಕೊಂಡಿದ್ದೆ ಮೇಡಂ."

ಗಾಯತ್ರಿಯ ಹೆಸರು ಹೇಳಬೇಕಾಗಿದ್ದರೆ ನಾನು ಆ ಬೆರಳುಗಳನ್ನು ನೋಡದೆ ಇರಬೇಕಿತ್ತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಇಡೀ ದಾರಿ ಒಬ್ಬಳೇ ಜಗಳವಾಡಿದೆ. ಒಳ್ಳೆಯ ಕೆಲಸ ಮಾಡಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ.

ಕೊನೆಯ ವರ್ಷ ಶುರುವಾಗುವ ಹೊತ್ತಿಗೆ ಮಂಡಿ ಒಂದು ಹದಕ್ಕೆ ಬಂದಿತ್ತು. ರೈಡ್ ಬೇಡ, ಹಿಡಿಯುವ ಕಡೆ ನಿಲ್ಲು ಎಂದು ಮೇಡಂ ನನ್ನನ್ನು ಎಡಮೂಲೆಗೆ ಹಾಕಿದರು. ಹಿಡಿಯುವವರು ಇಬ್ಬಿಬ್ಬರಾಗಿ ಕೈ ಕೈ ಹಿಡಿದು ನಿಲ್ಲುತ್ತಾರೆ, ಅದಕ್ಕೆ ಚೈನ್ ಎನ್ನುತ್ತೇವೆ. ನನ್ನ ಪಕ್ಕಕ್ಕೆ ಬಂದು ನಿಂತವಳು ಯಾರೆಂದು ಬೇರೆ ಹೇಳಬೇಕೇ? ಯಾರ ಮೇಲೆ ಹೊಟ್ಟೆಕಿಚ್ಚೋ ಅವರಿಂದ ಸ್ವಲ್ಪ ದೂರ ಇದ್ದರೆ ಹೇಗೋ ಕಾಲ ಹಾಕಬಹುದು. ನಾನು ಇಡೀ ವರ್ಷ ಅವಳ ಕೈ ಹಿಡಿದು ನಿಲ್ಲಬೇಕಾಯಿತು. ಅವಳ ಅಂಗೈ ಯಾವಾಗಲೂ ಬೆವರುತ್ತಿತ್ತು. ಅಷ್ಟು ನಗುನಗುತ್ತ ಆಡುವವಳಿಗೂ ಒಳಗೆ ಪುಕುಪುಕು ಇದೆ ಎಂದು ಆ ಕೈಯಿಂದಲೇ ನನಗೆ ಗೊತ್ತಾದದ್ದು.

ಅಭ್ಯಾಸದಲ್ಲಿ ನಾವು ಎರಡು ತಂಡವಾಗಿ ಆಡುವಾಗ ಅವಳು ನನ್ನ ಎದುರಿಗೆ ಬರುವಳು. ಉಳಿದವರ ಕೈಗೆ ಅವಳು ಸಿಗುತ್ತಿರಲಿಲ್ಲ. ನನ್ನ ಕೈಗೆ ಸಿಗುತ್ತಿದ್ದಳು. ಅವಳ ಎಡಗೈ ಮುಷ್ಟಿಯಾಗುತ್ತಲೇ ನಾನು ಕಣಕಾಲಿಗೆ ಬಿದ್ದಿರುತ್ತಿದ್ದೆ. ಹುಡುಗಿಯರು "ಅಬ್ಬಾ ಅಕ್ಕಾ!" ಎನ್ನುವರು. ಆ ಅಬ್ಬಾವನ್ನು ಮನೆಗೆ ತೆಗೆದುಕೊಂಡು ಹೋಗಿ ಮಾರನೆಯ ಬೆಳಗಿನವರೆಗೆ ಇಟ್ಟುಕೊಳ್ಳುತ್ತಿದ್ದೆ.

ಒಂದು ಸಂಜೆ ಆಟ ಮುಗಿದು ಮೆಟ್ಟಿಲ ಮೇಲೆ ಕೂತಿದ್ದೆವು. ಅವಳ ಅಮ್ಮಿ ಕಡಲೆಕಾಯಿ ಬಿಡಿಸುತ್ತಿದ್ದರು. ನಸ್ರೀನ್ ಕಣಕಾಲಿನ ಮಣ್ಣು ಒರೆಸಿಕೊಳ್ಳುತ್ತ ಕೇಳಿದಳು, "ಅಕ್ಕಾ, ಎಲ್ರಿಂದಾನೂ ತಪ್ಪಿಸ್ಕೊಂತೀನಿ. ನಿಮ್ಮ ಕೈಗೆ ಯಾಕೆ ಸಿಗ್ತೀನಿ?"

"ನನ್ನ ಅದೃಷ್ಟ ಇರ್ಬೇಕು."

"ದಿನಾನಾ?"

ನಾನು ಇನ್ನೊಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡೆ. ಅವಳ ಅಮ್ಮಿ ಕೈಯಲ್ಲಿದ್ದ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಗೌರಿಬಿದನೂರಿನ ಪಂದ್ಯ ಹತ್ತಿರವಿತ್ತು. ನಾನು ಕಂಡದ್ದನ್ನು ಆ ತಂಡದಲ್ಲಿ ಒಬ್ಬಳು ಕಂಡರೂ ನಾವು ಸೋಲಲು ಸಾಕಿತ್ತು. ಆದರೆ ಆ ಮುಷ್ಟಿ ಒಂದನ್ನು ಬಿಟ್ಟರೆ ನನ್ನ ಬಳಿ ಉಳಿದದ್ದಾದರೂ ಏನು? ರೈಡ್ ಹೋಗಿತ್ತು, ಮಂಡಿ ಹೋಗಿತ್ತು, ಕಂಡಕ್ಟರ್ ಕೂಡ ನನ್ನನ್ನು ಬರೀ "ಅಮ್ಮಾ" ಎನ್ನತೊಡಗಿದ್ದ. ಬಾಯಲ್ಲಿದ್ದ ಕಡಲೆಕಾಯಿಯನ್ನು ಬೇಕೆಂದೇ ನಿಧಾನವಾಗಿ ಅಗಿದೆ. ಅದು ಮುಗಿದುಹೋಯಿತು.

"ತಿರುಗೋಕೆ ಮುಂಚೆ ಎಡಗೈ ಮುಷ್ಟಿ ಕಟ್ತೀಯ" ಎಂದೆ.

ನಸ್ರೀನ್ ತನ್ನ ಕೈಯನ್ನು ಮೇಲೆತ್ತಿ, ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿದಳು. ಮಾರನೆಯ ದಿನ ರೈಡಿಗೆ ಬಂದಳು. ನನ್ನೆದುರು ನಿಂತು ಎಡಗೈ ಮುಷ್ಟಿ ಕಟ್ಟಿದಳು. ಅಭ್ಯಾಸಬಲ, ನಾನು ನೆಗೆದು ಬಿದ್ದೆ. ಅವಳು ತಿರುಗಿರಲೇ ಇಲ್ಲ. ನನ್ನ ಬಾಯಿಗೆ ಮಣ್ಣು, ಬೆನ್ನಿಗೆ ಅವಳ ಬೆರಳು. ತನ್ನ ತಪ್ಪನ್ನು ತಿದ್ದಿಕೊಂಡಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಒಂದೇ ದಿನದಲ್ಲಿ ಅದರಿಂದಲೇ ಮೋಸ ಮಾಡುವುದನ್ನು ಕಲಿತುಬಿಟ್ಟಿದ್ದಳು. ಆಮೇಲೆ ಅವಳು ನನ್ನ ಕೈಗೂ ಸಿಗಲಿಲ್ಲ.

ಮುಷ್ಟಿಯ ಗುಟ್ಟು ಹೇಳಿದ ಆ ಸಂಜೆಯೇ, ನಾನು ಹೊರಡುವಾಗ ಅವಳ ಅಮ್ಮಿ ಕೇಳಿದ್ದರು. "ನಿಮ್ಮ ಅಮ್ಮ ಯಾಕೆ ಬರಲ್ಲ ಬೇಟಾ?"

"ಹೂವಿನ ಕೆಲ್ಸ ಇರ್ತದೆ ಆಂಟಿ."

"ಯಾವೂರು?"

"ಪೆರೇಸಂದ್ರ."

ಅಷ್ಟೇ ಮಾತು. ಗೌರಿಬಿದನೂರಿನ ಪಂದ್ಯದ ದಿನ ನಾವು ತಂಡದವರು ಟೆಂಪೋದಲ್ಲಿ ಮುಂಚೆಯೇ ಹೋಗಿದ್ದೆವು. ಮಧ್ಯಾಹ್ನದ ಬಿಸಿಲು. ಅಂಕಣಕ್ಕಿಳಿದು ನಸ್ರೀನಳ ಕೈ ಹಿಡಿದು ಮೂಲೆಯಲ್ಲಿ ನಿಂತು ಜನರ ಕಡೆ ನೋಡಿದೆ. ಅವಳ ಅಮ್ಮಿಯ ಬುರ್ಖಾ ಕಂಡಿತು. ಅದರ ಪಕ್ಕದಲ್ಲಿ ಹಸಿರು ಅಂಚಿನ ಒಂದು ನೂಲಿನ ಸೀರೆ. ಆ ಸೀರೆ ನಮ್ಮ ಮನೆಯ ಹಗ್ಗದ ಮೇಲೆ ಒಣಗುವುದನ್ನು ನಾನು ದಿನಾ ನೋಡುತ್ತಿದ್ದೆ. ನಮ್ಮ ಅಮ್ಮ ಮೊಣಕಾಲ ಮೇಲೆ ಕೈಚೀಲ ಇಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿಗೆ ಕಾದಿರುವವಳಂತೆ ಕೂತಿದ್ದಳು.

ನಾನು ಬಾಯಿಬಿಟ್ಟು ನೋಡುತ್ತಿರುವಾಗಲೇ ಎದುರು ತಂಡದ ರೈಡರ್ ಬಂದು ನನ್ನ ಭುಜ ಮುಟ್ಟಿ ಹೋದಳು. ಪಂದ್ಯದ ಮೊದಲ ಔಟು ನಾನೇ. ತಲೆತಗ್ಗಿಸಿ ಗೆರೆಯಾಚೆ ಬರುತ್ತಿದ್ದರೆ, ಅಮ್ಮ ಕೈಚೀಲ ಬದಿಗಿಟ್ಟು ಜೋರಾಗಿ ಚಪ್ಪಾಳೆ ತಟ್ಟಿದಳು. ನಾನೊಬ್ಬಳೇ ತನ್ನ ಕಡೆ ನಡೆದು ಬರುತ್ತಿರುವುದನ್ನು ನೋಡಿ, ಏನೋ ಗೆದ್ದಿದ್ದೇನೆ ಎಂದುಕೊಂಡಿದ್ದಳು. ನಸ್ರೀನಳ ಅಮ್ಮಿ ಅವಳ ಕೈ ಹಿಡಿದು ತಡೆದರು. "ಅಯ್ಯೋ, ಔಟ್ ಆಗವ್ಳೆ ಅಮ್ಮಾ, ಈಗ ತಟ್ಬಾರ್ದು."

ಎರಡನೇ ಅರ್ಧದಲ್ಲಿ ಅದೇ ರೈಡರ್ ಮತ್ತೆ ನಮ್ಮ ಮೂಲೆಗೆ ಬಂದಳು. ನಾನು ಕಣಕಾಲಿಗೆ ಬಿದ್ದೆ, ನಸ್ರೀನ್ ನನ್ನ ಕೈ ಬಿಡದೆ ಸುತ್ತ ಬಂದು ಅವಳ ದಾರಿ ಕಟ್ಟಿದಳು. ಮೂವರೂ ಮಣ್ಣಿಗೆ ಬಿದ್ದೆವು. ಸೀಟಿ ಊದಿದಾಗ ನಾನು ತಲೆ ಎತ್ತಿ ನೋಡಿದೆ. ಅಮ್ಮ ಈ ಸಲ ಚಪ್ಪಾಳೆ ತಟ್ಟಿರಲಿಲ್ಲ. ಎದ್ದು ನಿಂತಿದ್ದಳು. ಕೈಚೀಲ ಕೆಳಗೆ ಬಿದ್ದಿತ್ತು.

ಕೊನೆಯ ರೈಡಿನವರೆಗೆ ಎರಡೂ ತಂಡ ಸಮಸಮ. ನಸ್ರೀನ್ ಹೋದಳು, ಎಡಗೈ ಮುಷ್ಟಿ ಕಟ್ಟಿದಳು, ಎದುರಿನ ಮೂಲೆಯವಳು ನೆಗೆದು ಬಿದ್ದಳು, ನಾವು ಗೆದ್ದೆವು. ಆ ತಂಡದವರೂ ಮುಷ್ಟಿಯನ್ನು ಕಂಡುಹಿಡಿದಿದ್ದರು! ಹುಡುಗಿಯರೆಲ್ಲ ಓಡಿದರು. ಅಮ್ಮನೂ ಸೀರೆ ಎತ್ತಿಕಟ್ಟಿಕೊಂಡು ಅಂಕಣದೊಳಕ್ಕೇ ಬಂದಳು. ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ನಸ್ರೀನಳ ಎರಡೂ ಕೆನ್ನೆ ಹಿಡಿದು, "ಏನೇ ಹುಡ್ಗಿ ನೀನು! ಹಾವಿನ್ ತರ ಜಾರ್ಕೊಂತೀಯಲ್ಲೇ!" ಎಂದಳು.

ಮೂರು ವರ್ಷ ನಾನು ಕಾದು ಕಾದು, ಕೊನೆಗೆ ನನ್ನ ಆಟಕ್ಕೆ ಬಂದ ನನ್ನ ಅಮ್ಮ. ಈ ಉರಿಯ ಮುಂದೆ ಹಿಂದಿನವೆಲ್ಲ ಬರೀ ಬೆಚ್ಚಗಿನ ನೀರು.

ವಾಪಸು ಬರುವಾಗ ನಾನು ಟೆಂಪೋ ಬಿಟ್ಟು ಅಮ್ಮನ ಜೊತೆ ಬಸ್ಸಿಗೆ ಬಂದೆ. ನಸ್ರೀನಳ ಅಮ್ಮಿ ನಮ್ಮ ತೋಟಕ್ಕೆ ಹೇಗೆ ಬಂದರೆಂದು ಅಮ್ಮ ಹೇಳಿದಳು. "ಬೆಳಿಗ್ಗೆ ಹೂವ ಬಿಡಿಸ್ತಾ ಇದ್ದೆ. ಆಯಮ್ಮ ಬದುವಿನ್ ಮೇಲೆ ನಡ್ಕೊಂಡು ಬಂದ್ಲು. ಯಾರಮ್ಮಾ ಅಂದೆ. 'ನಿಮ್ಮ ಮಗಳು ನನ್ನ ಮಗಳ ಕೈ ಹಿಡ್ಕೊಂಡು ಆಡ್ತಾಳೆ, ನೀವು ಒಂದಿನಾನೂ ನೋಡಿಲ್ವಂತೆ, ಏಳಿ ಹೋಗಣ' ಅಂದ್ಲು. ಇನ್ನೂ ಎರಡು ಸಾಲು ಅದೆ, ಹೆಂಗಮ್ಮಾ ಬರ್ಲಿ ಅಂದೆ. ಬುಟ್ಟಿ ಇಸ್ಕೊಂಡು ತಾನೇ ಬಿಡಿಸಕ್ ನಿಂತ್ಕೊಂಡ್ಲು ಕಣೇ. ಏನ್ ಕೈ ಚುರುಕು ಅಂತೀಯ!" ಶಿಡ್ಲಘಟ್ಟದಿಂದ ಗೌರಿಬಿದನೂರಿಗೆ ಹೋಗುವವರಿಗೆ ಪೆರೇಸಂದ್ರ ದಾರಿಯೇ ಅಲ್ಲ. ಬೆಳಕು ಹರಿಯುವ ಮುಂಚೆ ಹೊರಟಿರಬೇಕು ಅವರು.

ಆಮೇಲೆ ಚಿಕ್ಕಬಳ್ಳಾಪುರದವರೆಗೂ ಅಮ್ಮನ ಬಾಯಲ್ಲಿ ನಸ್ರೀನ್. ಆ ಹುಡುಗಿಯ ನಗು, ಆ ಹುಡುಗಿಯ ಓಟ. ನಾನು ಕಿಟಕಿಯಾಚೆ ನೋಡುತ್ತ ಹೂಂ ಹೂಂ ಎನ್ನುತ್ತಿದ್ದೆ. ಬಸ್ ನಿಲ್ದಾಣದಲ್ಲಿ ಇಳಿದು ನಮ್ಮೂರ ಬಸ್ಸಿಗೆ ನಡೆಯುವಾಗ ಅಮ್ಮ ನನ್ನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

"ಬಲಗಾಲು ಊರುವಾಗ ಒಂಚೂರು ಎಳೀತೀಯ" ಎಂದಳು. "ಬಿದ್ದು ಏಳುವಾಗ ಎಡಗಾಲಿನ್ ಮೇಲೇ ಏಳ್ತೀಯ, ಅಷ್ಟು ಸಲಾನೂ. ನೋವ್ತದೇನೇ ಇನ್ನೂ?"

ಮೇಡಂ ಅದನ್ನು ಕಂಡಿರಲಿಲ್ಲ. ಪಕ್ಕದಲ್ಲೇ ನಿಂತು ಕೈ ಹಿಡಿಯುತ್ತಿದ್ದ ನಸ್ರೀನ್ ಕಂಡಿರಲಿಲ್ಲ. ನಾನೇ ಸರಿಯಾಗಿ ಕಂಡಿರಲಿಲ್ಲ. ಇಲ್ಲಮ್ಮಾ ಎನ್ನಲು ಹೋಗಿ, ಹೂಂ ಎಂದುಬಿಟ್ಟೆ.

ನಸ್ರೀನ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದಳು, ಮುಂದೆ ಓದಿದಳು, ನಮ್ಮ ಕಾಲೇಜಿಗೇ ಬಂದಳು. ನಾನು ಹೈಸ್ಕೂಲಿಗೆ ಬಂದೆ. ಅಮ್ಮ ಈಗಲೂ ಫೋನಿನಲ್ಲಿ ನನ್ನ ಕ್ಷೇಮಕ್ಕಿಂತ ಮುಂಚೆ "ನಸ್ರೀನ್ ಹೆಂಗವ್ಳೆ?" ಎನ್ನುತ್ತಾಳೆ. ಇಬ್ಬರು ಅಮ್ಮಂದಿರು ತಮ್ಮತಮ್ಮಲ್ಲೇ ಗಂಟೆಗಟ್ಟಲೆ ಮಾತಾಡಿಕೊಳ್ಳುತ್ತಾರೆ. ಅದರಲ್ಲಿ ನನಗಾಗಲಿ ನಸ್ರೀನಳಿಗಾಗಲಿ ಪ್ರವೇಶವಿಲ್ಲ.

ಬಸ್ಸು ಚಿಕ್ಕಬಳ್ಳಾಪುರ ಸೇರಿದಾಗ ಬಿಸಿಲು ಏರಿತ್ತು. ಕಾಲೇಜಿನಲ್ಲಿ ಈಗ ಮಣ್ಣಿನ ಅಂಕಣವಿಲ್ಲ, ನೀಲಿ ಮ್ಯಾಟು ಹಾಸಿದ್ದಾರೆ. ಹುಡುಗಿಯರಿಗೆ ಒಳ್ಳೆಯ ಬೂಟುಗಳಿವೆ. ಬೂಟಿನ ಮೇಲೂ ನನಗೆ ಸ್ವಲ್ಪ ಉರಿಯಿತು. ನಸ್ರೀನ್ ಟೋಪಿ ಹಾಕಿಕೊಂಡು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು, ನನಗೊಂದು ಕುರ್ಚಿ ತರಿಸಿದಳು. ಒಬ್ಬೊಬ್ಬರಾಗಿ ರೈಡಿಗೆ ಹೋದರು. ಎಲ್ಲ ಮುಗಿದ ಮೇಲೆ "ಹೇಳಿ ಅಕ್ಕಾ" ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. "ಆ ಎತ್ತರದ ಹುಡ್ಗಿ ಕೈ ಉದ್ದ ಇದೆ, ಆದ್ರೆ ಉಸಿರು ಸಾಲ್ದು. ಜಡೆ ಮೇಲಕ್ಕೆ ಕಟ್ಟಿದಾಳಲ್ಲ, ಅವ್ಳಿಗೆ ಬಲ ಇದೆ, ಆದ್ರೆ..."

"ಅದೆಲ್ಲಾ ನಂಗೂ ಕಾಣ್ತದೆ ಅಕ್ಕಾ" ಎಂದಳು ನಸ್ರೀನ್. "ಯಾರ್ನ ನೋಡಿ ನಿಮ್ಗೆ ಹೊಟ್ಟೆ ಉರೀತು, ಅದ್ ಹೇಳಿ ಸಾಕು."

ನಾನು ಅವಳ ಕಡೆ ತಿರುಗಿದೆ. ಅವಳು ಮ್ಯಾಟಿನ ಕಡೆಯೇ ನೋಡುತ್ತಿದ್ದಳು, ಮುಖದಲ್ಲಿ ಅದೇ ಮೊಸರು ಕೇಳಲು ಬಂದವಳ ನಗು.

"ಯಾವಾಗಿಂದ ಗೊತ್ತು?" ಎಂದೆ.

"ಮೊದ್ಲಿಂದಾನೂ. ಅಷ್ಟು ಗಮನ ಇಟ್ಟು ನನ್ನ ಆಟಾನ ನಮ್ಮ ಅಮ್ಮೀನೂ ನೋಡಿಲ್ಲ. ಅದಕ್ಕೇ ತಾನೇ ಪ್ರತಿ ವರ್ಷ ನಿಮ್ಮನ್ನೇ ಕರೆಯೋದು."

ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದೆ ಎಂದುಕೊಂಡಿದ್ದು ಎಲ್ಲರ ಮುಂದೆ ಹಗ್ಗದ ಮೇಲೆ ಒಣಗುತ್ತಿತ್ತು ಎಂದು ತಿಳಿದರೆ ನಾಚಿಕೆಯಾಗಬೇಕು. ನನಗೆ ನಗು ಬಂತು. ಇಬ್ಬರೂ ನಕ್ಕೆವು. ಆಮೇಲೆ ನಾನು ಬೆರಳು ತೋರಿಸಿದೆ. ಹಳದಿ ಟೀ ಶರ್ಟಿನ ಹುಡುಗಿ, ಎಲ್ಲರಿಗಿಂತ ಹಿಂದೆ ಕೂತು ಲೇಸು ಬಿಗಿದುಕೊಳ್ಳುತ್ತಿದ್ದಳು.

"ಖಂಡಿತಾನಾ?"

ನಾನು ಚಪ್ಪಲಿ ಬಿಟ್ಟು ಮ್ಯಾಟಿನ ಮೇಲೆ ಹೋದೆ. "ಅಕ್ಕಾ, ಮಂಡಿ!" ಎಂದು ನಸ್ರೀನ್ ಕೂಗಿದಳು. ನಾನು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿ ಎಡಮೂಲೆಯಲ್ಲಿ ನಿಂತೆ. ಹುಡುಗಿ ನಡುಗೆರೆಯ ಹತ್ತಿರ ನಿಂತು ಅನುಮಾನಿಸಿದಳು. "ಮೇಡಂ, ನೀವು..."

"ಬಾರಮ್ಮಾ, ಏನೂ ಆಗಲ್ಲ."

ಅವಳು ಬಂದಳು. ಪಾದ ನೋಡಿದೆ, ಭುಜ ನೋಡಿದೆ, ಎರಡೂ ಕೈ ನೋಡಿದೆ. ಎಲ್ಲಿಯೂ ಯಾವ ಸುಳಿವೂ ಇರಲಿಲ್ಲ. ಬಗ್ಗಿ ಕೈ ಚಾಚಿದೆ, ಅಲ್ಲಿ ಬರೀ ಗಾಳಿ ಇತ್ತು, ಹೆಗಲ ಮೇಲೆ ಯಾರೋ ಮೆಲ್ಲಗೆ ತಟ್ಟಿ ಕರೆದಂತಾಯಿತು. ನಸ್ರೀನ್ ಸೀಟಿ ಊದುವ ಮುಂಚೆಯೇ ನಾನು ಔಟೆಂದು ಕೈ ಎತ್ತಿ ಗೆರೆಯಾಚೆ ನಡೆದೆ. ಹುಡುಗಿ ಏದುಸಿರು ಬಿಡುತ್ತ ಹಿಂದೆಯೇ ಓಡಿ ಬಂದಳು.

"ಸಾರಿ ಮೇಡಂ, ಜೋರಾಗಿ ತಗುಲ್ತಾ?"

"ಇಲ್ಲಮ್ಮಾ" ಎಂದೆ. "ನಿನ್ನ ಹೆಸರೇನು?"